ರೂಮ್‌ಮೇಟ್ ದಿನಾ ಗಾಂಜಾ ಸೇದುತ್ತಾನೆ, ಓದೋಕೆ ಅನುಕೂಲ ಅಂತಾನೆ. ನಿಜಾನಾ?

ಕಡೇಬೆಂಚು

ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ನಾನು, ನನ್ನ ರೂಮ್‌ಮೇಟ್ ಎರಡು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ. ಒಳ್ಳೆಯ ಹುಡುಗ. ಮೊದಲ ವರ್ಷ ನನಗೆ ತಲೆಗೆ ಹತ್ತದ ಲೆಕ್ಕಗಳನ್ನೆಲ್ಲ ಹೇಳಿಕೊಟ್ಟವನೇ ಅವನು. ಆಗ ಯಾರಾದರೂ ತಂದರೆ ತಿಂಗಳಿಗೊಮ್ಮೆ ಒಂದೆರಡು ಪಫ್ ಎಳೆಯುತ್ತಿದ್ದ. ಆಮೇಲೆ ಶನಿವಾರ ಶನಿವಾರ ಅಂತ ಆಯಿತು. ಈಗ ದಿನಾ ರಾತ್ರಿ. ಎರಡು ತಿಂಗಳಿಂದ ಬೆಳಗ್ಗೆ ಕ್ಲಾಸಿಗೆ ಹೊರಡುವ ಮುಂಚೆಯೂ.

ಹೋದ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಫೇಲ್. ಅವನು! ಕೇಳಿದರೆ ಉತ್ತರ ರೆಡಿ ಇರುತ್ತದೆ. ಗಿಡ ತಾನೇ, ನ್ಯಾಚುರಲ್. ಚಟ ಹಿಡಿಯಲ್ಲ. ಕುಡಿಯೋದಕ್ಕಿಂತ ವಾಸಿ. ಸೇದಿದರೆ ಫೋಕಸ್ ಜಾಸ್ತಿ.

ನೆಟ್‌ನಲ್ಲಿ ಹುಡುಕಿದರೆ ಅರ್ಧ ಜನ ವಿಷ ಅನ್ನುತ್ತಾರೆ, ಇನ್ನರ್ಧ ಜನ ಸಂಜೀವಿನಿ ಅನ್ನುತ್ತಾರೆ. ಇದರಲ್ಲಿ ನಿಜ ಯಾವುದು? ಮತ್ತೆ, ಗೆಳೆತನ ಕೆಡದ ಹಾಗೆ ಅವನಿಗೆ ಹೇಳುವುದು ಹೇಗೆ?

(ನಾನೇನೂ ಸಾಚಾ ಅಲ್ಲ. ಎರಡು ಸಲ ಸೇದಿದ್ದೇನೆ. ಮೊದಲ ಸಲ ಬರೀ ನಗು. ಎರಡನೇ ಸಲ ಎದೆ ಡಬಡಬ ಹೊಡೆದುಕೊಂಡು, ಇವತ್ತು ಸತ್ತೆ ಅನ್ನಿಸಿ ಬಾತ್‌ರೂಮಿನಲ್ಲಿ ಒಂದು ಗಂಟೆ ಕೂತಿದ್ದೆ. ಆಮೇಲೆ ಮುಟ್ಟಿಲ್ಲ.)

ಮೂರನೇಸೆಮ್

ಗಿಡ ತಾನೇ ಗುರು, ಬಿಡು. ಅವನ ಜೀವನ, ಅವನ ಶ್ವಾಸಕೋಶ.

ಹುಳಿಮಾತು

ಹೊಗೆಸೊಪ್ಪೂ ಗಿಡಾನೇ. ದತ್ತೂರಿಯೂ ಗಿಡಾನೇ. ಗಿಡ ಅನ್ನುವುದು ಒಳ್ಳೆಯದಕ್ಕೆ ಸರ್ಟಿಫಿಕೇಟ್ ಯಾವಾಗಿಂದ ಆಯಿತು?

ಔಷಧಿಪೆಟ್ಟಿಗೆ

ಫಾರ್ಮಕಾಲಜಿ ಓದುತ್ತಿದ್ದೇನೆ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಗಾಂಜಾ ಗಿಡದಲ್ಲಿ ಕ್ಯಾನಬಿನಾಯ್ಡ್ ಅನ್ನುವ ವಸ್ತುಗಳು ನೂರಕ್ಕೂ ಹೆಚ್ಚು ಇವೆ. ಮತ್ತೇರಿಸುವುದು ಮುಖ್ಯವಾಗಿ ಒಂದೇ, ಟಿಎಚ್‌ಸಿ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾಓನಿ ಅದನ್ನು ಬೇರ್ಪಡಿಸಿ, ಅದರ ರಚನೆ ಏನು ಅಂತ ಹೇಳಿದರು. ಅದು ಮಿದುಳಿನಲ್ಲಿ ಹೋಗಿ ಕೂರುವ ಜಾಗಕ್ಕೆ ಸಿಬಿ1 ಗ್ರಾಹಕ ಅಂತ ಹೆಸರು. ಈ ಗ್ರಾಹಕಗಳು ಗಾಂಜಾಕ್ಕಾಗಿ ಹುಟ್ಟಿದ್ದಲ್ಲ. ಮಿದುಳು ತಾನೇ ತಯಾರಿಸಿಕೊಳ್ಳುವ ವಸ್ತುಗಳಿಗಾಗಿ ಇವೆ. ಎರಡು ನರಕೋಶಗಳ ನಡುವೆ ಮಾತು ಜೋರಾದಾಗ "ಸಾಕು, ಸ್ವಲ್ಪ ನಿಧಾನ" ಅಂತ ಹಿಂದಕ್ಕೆ ಸುದ್ದಿ ಕಳಿಸುವುದು ಆ ವಸ್ತುಗಳ ಕೆಲಸ. ಬೇಕಾದ ಜಾಗದಲ್ಲಿ, ಬೇಕಾದಷ್ಟು, ಕ್ಷಣಹೊತ್ತು ಮಾತ್ರ. ಟಿಎಚ್‌ಸಿ ಬಂದರೆ ಹಾಗಲ್ಲ. ಎಲ್ಲ ಕಡೆ ಒಟ್ಟಿಗೆ, ಗಂಟೆಗಟ್ಟಲೆ ಬ್ರೇಕ್ ಒತ್ತಿ ಹಿಡಿದ ಹಾಗೆ.

ಈ ಗ್ರಾಹಕಗಳು ಹಿಪ್ಪೊಕ್ಯಾಂಪಸ್‌ನಲ್ಲಿ ದಟ್ಟವಾಗಿವೆ. ಹೊಸದಾಗಿ ಓದಿದ್ದು, ಕೇಳಿದ್ದು ನೆನಪಾಗಿ ಉಳಿಯಬೇಕಾದರೆ ಆ ಭಾಗ ಕೆಲಸ ಮಾಡಬೇಕು. ಅದಕ್ಕೇ ಸೇದಿದವನು ಮಾತು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿ "ಏನ್ ಹೇಳ್ತಿದ್ದೆ?" ಅಂತ ಕೇಳುವುದು. ಹಳೆಯದು ಅಳಿಸಿ ಹೋಗುವುದಿಲ್ಲ, ಹೊಸದು ಒಳಗೆ ಇಳಿಯುವುದಿಲ್ಲ. ವಿದ್ಯಾರ್ಥಿಗೆ ಕೈಕೊಡಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಇನ್ನೊಂದು ಮಾತು. ಯೋಚನೆ, ಸಂಯಮ, ಮುಂದಾಲೋಚನೆ ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಾ ಇರುತ್ತದೆ. ಆ ಕಟ್ಟುವ ಕೆಲಸದಲ್ಲೂ ಇದೇ ವ್ಯವಸ್ಥೆಯ ಪಾತ್ರ ಇದೆ. ನಲವತ್ತರವನು ಸೇದುವುದಕ್ಕೂ ಹದಿನಾರರವನು ಸೇದುವುದಕ್ಕೂ ವ್ಯತ್ಯಾಸ ಇರುವುದು ಅಲ್ಲಿ.

ಕಡೇಬೆಂಚು, ನಿನ್ನ ಬಾತ್‌ರೂಮ್ ಕಥೆ ತುಂಬಾ ಜನರದ್ದು. ಟಿಎಚ್‌ಸಿ ಹೃದಯದ ಬಡಿತ ಏರಿಸುತ್ತದೆ. ಡೋಸ್ ಜಾಸ್ತಿ ಆದರೆ ಗಾಬರಿಯೂ ಅದರ ಜೊತೆಗೇ ಬರುತ್ತದೆ. ಟೆನ್ಷನ್ ಕಡಿಮೆ ಮಾಡುತ್ತದೆ ಅನ್ನುವ ವಸ್ತುವೇ ಟೆನ್ಷನ್ ತರುವುದು ಹೀಗೆ.

ಪದಹುಚ್ಚ

ಮಿದುಳು ತಾನೇ ತಯಾರಿಸಿಕೊಳ್ಳುವ ಆ ವಸ್ತುವಿಗೆ ಹೆಸರಿಲ್ಲವಾ?

ಔಷಧಿಪೆಟ್ಟಿಗೆ

ಇದೆ, ಕೇಳಿದರೆ ನಗುತ್ತೀರಿ. ಆನಂದಮೈಡ್. 1992ರಲ್ಲಿ ಅದೇ ಮೆಶೂಲಮ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಸಂಸ್ಕೃತದ "ಆನಂದ"ದಿಂದಲೇ ಹೆಸರಿಟ್ಟರು.

ಪದಹುಚ್ಚ

ಜೆರುಸಲೇಮಿನಲ್ಲಿ ಕೂತು ನಮಗೆ ಓದಲು ಬರುವ ಹೆಸರು ಇಟ್ಟಿದ್ದಾರೆ. ಪುಣ್ಯಾತ್ಮರು. ಉಳಿದ ಕೆಮಿಸ್ಟ್ರಿಯೂ ಹೀಗೇ ಇದ್ದಿದ್ದರೆ ನಾನು ಪಾಸಾಗುತ್ತಿದ್ದೆ.

ಹುಳಿಮಾತು

ವಿಷಯಕ್ಕೆ ಬನ್ನಿ ಸ್ವಾಮಿ.

ಹಳೇಬ್ಯಾಚ್

ನಾನು ಮೂರು ವರ್ಷ ಸೇದಿದವನು. ಬಿಟ್ಟು ಆರು ವರ್ಷ ಆಯಿತು. ಉಪದೇಶ ಮಾಡುವುದಿಲ್ಲ, ಆಗಿದ್ದು ಹೇಳುತ್ತೇನೆ.

ನನ್ನದೂ ಅದೇ ಮಾತಾಗಿತ್ತು, ಫೋಕಸ್ ಆಗುತ್ತದೆ ಅಂತ. ರಾತ್ರಿ ಹತ್ತಕ್ಕೆ ಒಂದು ಜಾಯಿಂಟ್ ಸುತ್ತಿ, ಎಳೆದು, ಪುಸ್ತಕ ಹಿಡಿದು ಕೂರುತ್ತಿದ್ದೆ. ಒಂದು ಪುಟ ಓದಿದರೆ ಏನೋ ಮಹಾ ಸತ್ಯ ಕಂಡ ಹಾಗೆ. ಮಾರ್ಜಿನ್‌ನಲ್ಲಿ ಬರೆದದ್ದೇ ಬರೆದದ್ದು. ಒಂದು ಸಲ ಬೆಳಗ್ಗೆ ಎದ್ದು ನೋಡಿದರೆ ಇಡೀ ಪುಟದಲ್ಲಿ ಒಂದೇ ಸಾಲು, ಅದರ ಕೆಳಗೆ ಮೂರು ಗೆರೆ: "ಎಲ್ಲ ಸಮೀಕರಣಕ್ಕೂ ಎರಡು ಬದಿ ಇದೆ." ಅದಕ್ಕೆ ನಾನು ಮೂರು ಗಂಟೆ ತೆಗೆದುಕೊಂಡಿದ್ದೆ. ರಾತ್ರಿ ಇಡೀ ಓದಿದೆ ಅನ್ನುವ ತೃಪ್ತಿ ಮಾತ್ರ ಪೂರ್ತಿ ಇತ್ತು.

ಇದೇ ನೋಡಿ ಮೋಸ. ಸೇದಿದಾಗ ಹೊತ್ತು ಹೋಗುವ ಲೆಕ್ಕವೇ ತಪ್ಪುತ್ತದೆ. ಓದಿದ್ದು ಎಷ್ಟು, ಉಳಿದಿದ್ದು ಎಷ್ಟು ಅಂತ ಹೇಳಬೇಕಾದ ತಲೆಯೇ ಮಂಪರಿನಲ್ಲಿ ಇರುತ್ತದೆ. ತಕ್ಕಡಿ ಕೆಟ್ಟಿದೆ ಅಂತ ಅದೇ ತಕ್ಕಡಿಯಲ್ಲಿ ತೂಗಿ ತಿಳಿಯುವುದು ಹೇಗೆ?

ಸಿನಿಮಾದಲ್ಲಿ ತೋರಿಸುವ ಹಾಗೆ ನಾನು ಬೀದಿಗೆ ಬೀಳಲಿಲ್ಲ. ಮನೆ ಸಾಮಾನು ಮಾರಲಿಲ್ಲ. ಅದಕ್ಕೇ ಮೂರು ವರ್ಷ ಗೊತ್ತಾಗಲಿಲ್ಲ. ಒಂದು ಅಸೈನ್‌ಮೆಂಟ್ ನಾಳೆಗೆ ಹೋಯಿತು. ಒಂದು ಫೋನ್ ಎತ್ತಲಿಲ್ಲ. ಆಡುತ್ತಿದ್ದ ಆಟ ಬಿಟ್ಟೆ. ಸೇದದ ಗೆಳೆಯರು ಬೋರ್ ಅನ್ನಿಸಿದರು. ಯಾವುದೂ ದೊಡ್ಡದಲ್ಲ. ಜೊತೆಯವರು ಕೆಲಸಕ್ಕೆ ಸೇರಿದ ದಿನ ನಾನು ಅದೇ ಹಾಸಿಗೆ ಮೇಲೆ, ಅದೇ ಚಾವಣಿ ನೋಡುತ್ತಾ ಮಲಗಿದ್ದೆ. ಅಷ್ಟೇ ಕಥೆ.

ಸುಮ್ನೆಓದುವವಳು

"ಎಲ್ಲ ಸಮೀಕರಣಕ್ಕೂ ಎರಡು ಬದಿ ಇದೆ" 😂😂 ಇದನ್ನು ನಮ್ಮ ಗ್ರೂಪಿನ ಹೆಸರು ಮಾಡಿದೆ.

ಮೂರನೇಸೆಮ್

ಹಳೇಬ್ಯಾಚ್ ಅಣ್ಣ, ಅದು ನಿಮ್ಮ ಸೋಮಾರಿತನ ಇರಬಹುದಲ್ವಾ? ನಮ್ಮ ಕ್ಲಾಸ್ ಟಾಪರ್ ವಾರಕ್ಕೆ ನಾಲ್ಕು ದಿನ ಸೇದುತ್ತಾನೆ. ಅವನಿಗೆ ಏನೂ ಆಗಿಲ್ಲ.

ಹಳೇಬ್ಯಾಚ್

ಇರಬಹುದು ತಮ್ಮಾ. ಸೋಮಾರಿತನ ಮೊದಲೇ ಇತ್ತು, ಅದಕ್ಕೆ ಹಾಸಿಗೆ ಹಾಸಿಕೊಟ್ಟಿದ್ದು ಇದು.

ಲೆಕ್ಕದಮೇಷ್ಟ್ರು

ಟಾಪರ್ ಒಬ್ಬ ಸೇದುತ್ತಾನೆ ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಸೇದದೇ ಇದ್ದಿದ್ದರೆ ಅವನಿಗೆ ಎಷ್ಟು ಅಂಕ ಬರುತ್ತಿತ್ತು ಅಂತ ಗೊತ್ತಾಗಬೇಕಲ್ಲ. ಸಾಮಾನ್ಯವಾಗಿ ಅದನ್ನು ತಿಳಿಯುವುದು ಕಷ್ಟ. ಆದರೆ ಒಂದು ಕಡೆ ಅಕಸ್ಮಾತ್ತಾಗಿ ಪರೀಕ್ಷೆ ನಡೆದುಹೋಯಿತು.

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನಲ್ಲಿ ಗಾಂಜಾ ಮಾರುವ ಅಂಗಡಿಗಳಿವೆ. 2011ರಲ್ಲಿ ಅಲ್ಲಿ ಒಂದು ನಿಯಮ ಬಂತು. ಡಚ್, ಜರ್ಮನ್, ಬೆಲ್ಜಿಯನ್ ಪ್ರಜೆಗಳಿಗೆ ಮಾತ್ರ ಪ್ರವೇಶ, ಬೇರೆ ದೇಶದವರಿಗೆ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಲ್ಲ ದೇಶದ ಹುಡುಗರೂ ಒಂದೇ ಕ್ಲಾಸಿನಲ್ಲಿ ಕೂರುತ್ತಿದ್ದರು, ಒಂದೇ ಪರೀಕ್ಷೆ ಬರೆಯುತ್ತಿದ್ದರು. ಅರ್ಧದಲ್ಲಿ ಕೆಲವರಿಗೆ ಮಾತ್ರ ಅಂಗಡಿ ಬಂದ್ ಆಯಿತು. ಒಲಿವಿಯೆ ಮರಿ, ಉಲ್ಫ್ ಜೋಲಿಟ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಂಕಪಟ್ಟಿ ಹಿಡಿದು ನೋಡಿದರು. ಅಂಗಡಿ ಬಂದ್ ಆದವರು ಕೋರ್ಸ್ ಪಾಸಾಗುವ ಸಾಧ್ಯತೆ ಸುಮಾರು ಶೇ. 5ರಷ್ಟು ಏರಿತ್ತು. 2017ರಲ್ಲಿ ಪ್ರಕಟವಾಯಿತು.

ನನಗೆ ಇಷ್ಟವಾದ ಭಾಗ ಬೇರೆ. ಸುಧಾರಣೆ ಹೆಚ್ಚು ಕಂಡದ್ದು ಲೆಕ್ಕ ಇರುವ ಕೋರ್ಸ್‌ಗಳಲ್ಲಿ, ಮತ್ತೆ ಮೊದಲೇ ಅಂಕ ಕಡಿಮೆ ಇದ್ದ ಹುಡುಗರಲ್ಲಿ. ಟಾಪರ್ ಹೇಗೋ ದಾಟಿಕೊಳ್ಳುತ್ತಾನೆ ಮೂರನೇಸೆಮ್. ಮಧ್ಯದ ಸಾಲಿನವರು ಜಾರುವುದು.

ಮೂರನೇಸೆಮ್

ಶೇ. 5 ಅಂದರೆ ಅಷ್ಟೇನಾ? ಇಷ್ಟಕ್ಕೆ ಇಷ್ಟೊಂದು ಗಲಾಟೆ?

ಲೆಕ್ಕದಮೇಷ್ಟ್ರು

ಆ ಗುಂಪಿನಲ್ಲಿ ಸೇದದವರೂ ಸೇರಿದ್ದಾರಪ್ಪ. ಅವರಿಗೆ ಅಂಗಡಿ ಬಂದ್ ಆದರೂ ಒಂದೇ, ತೆರೆದರೂ ಒಂದೇ. ಸರಾಸರಿಯೇ ಅಷ್ಟು ಏರಿದೆ ಅಂದರೆ ನಿಜವಾಗಿ ಸೇದುತ್ತಿದ್ದವರಲ್ಲಿ ಎಷ್ಟು ಏರಿರಬೇಕು, ನೀನೇ ಲೆಕ್ಕ ಹಾಕು.

ಹುಳಿಮಾತು

ಅವನಿಗೆ ಲೆಕ್ಕ ಕೊಡಬೇಡಿ ಸರ್, ಈಗ ತಾನೇ ಸೇದಿರುತ್ತಾನೆ.

ಗಾಳಿಪಟ77

ಐಕ್ಯೂ 8 ಪಾಯಿಂಟ್ ಹೋಗುತ್ತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಒಂದು ಸಲ ಸೇದಿದರೂ ಸಾಕು, ಬುದ್ಧಿ ಮಂಕು. ಇದನ್ನು ಎಲ್ಲ ಮಕ್ಕಳಿಗೂ ಫಾರ್ವರ್ಡ್ ಮಾಡಿ.

ಎಣಿಸಿನೋಡು

ದಯವಿಟ್ಟು ಮಾಡಬೇಡಿ. ಆ 8 ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಅಧ್ಯಯನ ಅದು. 13ರ ವಯಸ್ಸಿನಲ್ಲಿ ಒಮ್ಮೆ, 38ರಲ್ಲಿ ಮತ್ತೊಮ್ಮೆ ಬುದ್ಧಿಮತ್ತೆ ಅಳೆದರು. ಹದಿಹರೆಯದಲ್ಲೇ ಶುರು ಮಾಡಿ, ವರ್ಷಗಟ್ಟಲೆ ಬಿಡದೆ ಸೇದಿದ ಚಿಕ್ಕ ಗುಂಪಿನಲ್ಲಿ ಸರಾಸರಿ 8ರಷ್ಟು ಇಳಿಕೆ ಕಂಡಿತು. ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಆ ತರಹ ಇಳಿಕೆ ಕಾಣಲಿಲ್ಲ. ಒಂದು ಸಲ ಸೇದಿದವರ ಬಗ್ಗೆ ಅದು ಹೇಳಿದ್ದೇ ಅಲ್ಲ. 2012ರಲ್ಲಿ ಪ್ರಕಟವಾಗಿ ದೊಡ್ಡ ಸುದ್ದಿ ಆಯಿತು.

ಮರುವರ್ಷವೇ ಒಬ್ಬ ನಾರ್ವೆ ಅರ್ಥಶಾಸ್ತ್ರಜ್ಞ ತಕರಾರು ತೆಗೆದ. ಮನೆಯ ಆರ್ಥಿಕ ಸ್ಥಿತಿ ಇದಕ್ಕೆ ಕಾರಣ ಇರಬಹುದಲ್ವಾ ಅಂತ. 2016ರಲ್ಲಿ ಅಮೆರಿಕದ ಅವಳಿ ಮಕ್ಕಳ ಮೇಲಿನ ಎರಡು ಅಧ್ಯಯನಗಳನ್ನು ಸೇರಿಸಿ ನೋಡಿದರು. ಸೇದದ ಅವಳಿಗಿಂತ ಸೇದಿದ ಅವಳಿಯ ಐಕ್ಯೂ ಹೆಚ್ಚೇನೂ ಇಳಿದಿರಲಿಲ್ಲ. ಅಂದರೆ ಇಳಿಕೆಗೆ ಮನೆ, ವಾತಾವರಣ, ವಂಶ ಇವೂ ಕಾರಣ ಇರಬಹುದು.

ಸುಳ್ಳು ಹೆದರಿಕೆಯಿಂದ ಏನಾಗುತ್ತದೆ ಗೊತ್ತಾ? ಹುಡುಗ ಒಂದು ಸಲ ಸೇದುತ್ತಾನೆ. ಬುದ್ಧಿ ಎಲ್ಲೂ ಹೋಗಿರುವುದಿಲ್ಲ. ಆಮೇಲೆ ನೀವು ಹೇಳಿದ ನಿಜವನ್ನೂ ಅವನು ನಂಬುವುದಿಲ್ಲ.

ಮೂರನೇಸೆಮ್

ಹಾಗೆ ಹೇಳಿ ಅಕ್ಕ! ಒಟ್ಟಿನಲ್ಲಿ ಏನೂ ಆಗಲ್ಲ ಅಂತ ತಾನೇ?

ಎಣಿಸಿನೋಡು

ಇಲ್ಲ ಮಹಾರಾಯ. ಐಕ್ಯೂ ಶಾಶ್ವತವಾಗಿ ಹೋಗುತ್ತದಾ ಅನ್ನುವುದು ಒಂದು ಪ್ರಶ್ನೆ. ಸೇದುತ್ತಿರುವಾಗ ಕಲಿಯುವ ಶಕ್ತಿ ಕುಂದುತ್ತದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹೌದು.

2018ರ ಒಂದು ಅಧ್ಯಯನ ನೋಡು. 16ರಿಂದ 25 ವಯಸ್ಸಿನ 88 ಮಂದಿ, ಎಲ್ಲರೂ ವಾರಕ್ಕೊಮ್ಮೆಯಾದರೂ ಸೇದುವವರು. ಒಂದು ಗುಂಪಿಗೆ ತಿಂಗಳು ನಿಲ್ಲಿಸಿ ಅಂದರು, ಇನ್ನೊಂದು ಗುಂಪು ಎಂದಿನಂತೆ. ನಿಲ್ಲಿಸಿದವರಲ್ಲಿ ಪದಗಳನ್ನು ಕೇಳಿ ನೆನಪಿಟ್ಟುಕೊಳ್ಳುವ ಶಕ್ತಿ ಸುಧಾರಿಸಿತು. ಅದೂ ಹೆಚ್ಚಿನ ಪಾಲು ಮೊದಲ ವಾರದಲ್ಲೇ. ಗಮನ ಕೊಡುವ ಪರೀಕ್ಷೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ನನಗೆ ಇದು ಒಳ್ಳೆಯ ಸುದ್ದಿ ಅನ್ನಿಸುತ್ತದೆ. ನಿಲ್ಲಿಸಿದರೆ ಬೇಗ ವಾಪಸ್ ಬರುತ್ತದೆ. ಆದರೆ ಇದೇ ಸುದ್ದಿಯನ್ನು ತಿರುಗಿಸಿ ನೋಡು. ಸೇದುತ್ತಿದ್ದಷ್ಟು ದಿನವೂ ಅಷ್ಟು ಶಕ್ತಿ ಅವರ ಕೈಯಲ್ಲಿ ಇರಲಿಲ್ಲ, ಅದು ಅವರಿಗೆ ಗೊತ್ತೂ ಇರಲಿಲ್ಲ.

ಕಡೇಬೆಂಚು

ತಿಂಗಳ ವಿಷಯ ಚೆನ್ನಾಗಿದೆ. ಇದನ್ನು ಅವನಿಗೆ ಸವಾಲು ಅಂತ ಹೇಳಬಹುದು.

ಇಬ್ಬರುಮಕ್ಕಳತಾಯಿ

ನಾನು ಇಲ್ಲಿ ಜಾಸ್ತಿ ಬರೆಯುವವಳಲ್ಲ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನ್ನ ತಮ್ಮ ಹದಿನೇಳಕ್ಕೆ ಶುರು ಮಾಡಿದ. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಮೊದಲು ನಿದ್ದೆ ಹೋಯಿತು. ಕಿಟಕಿಗೆ ಪೇಪರ್ ಅಂಟಿಸಿದ. ಪಕ್ಕದ ಮನೆಯವರು ನನ್ನ ಬಗ್ಗೆಯೇ ಮಾತಾಡುತ್ತಾರೆ ಅಂದ. ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಆ ಮನೆ ಖಾಲಿ ಇತ್ತು. ನಾವು ಮೊದಲು ಓದಿನ ಟೆನ್ಷನ್ ಅಂದುಕೊಂಡೆವು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ನಮ್ಮ ದೊಡ್ಡಪ್ಪನಿಗೂ ಇಂಥದ್ದೇ ಕಾಯಿಲೆ ಇತ್ತು ಅಂತ ಮನೆಯವರು ಬಾಯಿ ಬಿಟ್ಟಿದ್ದು ಆಗ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದರು.

ಈಗ ಔಷಧಿ ತೆಗೆದುಕೊಳ್ಳುತ್ತಾನೆ, ಕೆಲಸವನ್ನೂ ಮಾಡುತ್ತಾನೆ. ಆದರೆ ಓದು ಅಲ್ಲಿಗೇ ನಿಂತಿತು. ಗಾಂಜಾದಿಂದಲೇ ಆಯಿತಾ, ಹೇಗಿದ್ದರೂ ಆಗುತ್ತಿತ್ತಾ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಬಿಳಿಕೋಟು

ತಾಯಿ, ಬರೆದಿದ್ದಕ್ಕೆ ಧನ್ಯವಾದ. ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಯಾರೂ ಖಚಿತ ಉತ್ತರ ಕೊಡಲಾರರು. ಒಟ್ಟಾರೆ ತಿಳಿದಿರುವುದು ಇಷ್ಟು.

ಸ್ವೀಡನ್‌ನಲ್ಲಿ ಸೇನೆಗೆ ಕರೆಸಿದ ಸುಮಾರು 45,000 ಯುವಕರನ್ನು 15 ವರ್ಷ ಹಿಂಬಾಲಿಸಿದರು, ಫಲಿತಾಂಶ 1987ರಲ್ಲಿ ಬಂತು. 50ಕ್ಕೂ ಹೆಚ್ಚು ಸಲ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಸುಮ್ಮಸುಮ್ಮನೆ ಅನುಮಾನ ಕಾಡುವ ಮನೋರೋಗ) ಎಂದೂ ಸೇದದವರಿಗಿಂತ ಆರು ಪಟ್ಟು ಕಂಡಿತು. 2019ರಲ್ಲಿ ಯುರೋಪಿನ ಹಲವು ಊರುಗಳು ಮತ್ತು ಬ್ರೆಜಿಲ್ ಸೇರಿಸಿ ಮಾಡಿದ ಅಧ್ಯಯನದಲ್ಲಿ, ಟಿಎಚ್‌ಸಿ ಜಾಸ್ತಿ ಇರುವ ಮಾಲನ್ನು ದಿನಾ ಸೇದುವವರಿಗೆ ಮನೋವಿಕಲತೆಯ (ನಿಜ ಯಾವುದು, ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿ) ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಅಂತ ಬಂತು.

ಇದನ್ನು "ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ" ಅಂತ ಓದಬೇಡಿ. ಸ್ಕಿಜೋಫ್ರೇನಿಯಾ ಬರುವುದೇ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ. ಸೇದುವ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಆದರೆ ವಂಶದಲ್ಲಿ ಇದ್ದರೆ, ಚಿಕ್ಕ ವಯಸ್ಸಿಗೆ ಶುರು ಮಾಡಿದರೆ, ದಿನಾ ಸೇದಿದರೆ, ಮಾಲು ಸ್ಟ್ರಾಂಗ್ ಇದ್ದರೆ, ಲೆಕ್ಕ ಬದಲಾಗುತ್ತದೆ. ತೊಂದರೆ ಏನೆಂದರೆ ನಿಮ್ಮ ಮನೆಯ ಹಾಗೆ ಎಷ್ಟೋ ಮನೆಗಳಲ್ಲಿ ಆ ಇತಿಹಾಸವನ್ನೇ ಮುಚ್ಚಿಟ್ಟಿರುತ್ತಾರೆ. ಹುಡುಗನಿಗೆ ತನ್ನ ಅಪಾಯ ಎಷ್ಟು ಅಂತ ಗೊತ್ತೇ ಇರುವುದಿಲ್ಲ.

ಕಡೇಬೆಂಚು, ನಿನ್ನ ಗೆಳೆಯ ಸುಮ್ಮಸುಮ್ಮನೆ ಅನುಮಾನ ಪಡುವುದು, ಇಲ್ಲದ ದನಿ ಕೇಳುವುದು, ದಿನಗಟ್ಟಲೆ ನಿದ್ದೆ ಇಲ್ಲದಿರುವುದು, ಸಾಯುವ ಮಾತು, ಇಂಥದ್ದು ಕಂಡರೆ ಚರ್ಚೆ ಮಾಡುತ್ತಾ ಕೂರಬೇಡ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಸುಮ್ನೆಓದುವವಳು

ಅಕ್ಕ 🙏

ಮೂರನೇಸೆಮ್

ಸಾರಿ ಅಕ್ಕ, ನಾನು ತಮಾಷೆ ಮಾಡುತ್ತಿದ್ದೆ. ನಿಮ್ಮ ತಮ್ಮನ ವಿಷಯಕ್ಕಲ್ಲ.

ಆದರೂ ಒಂದು ಕೇಳುತ್ತೇನೆ. ಎಣ್ಣೆ ಹೊಡೆದು ಸತ್ತವರು ಎಷ್ಟು ಜನ, ಗಾಂಜಾ ಸೇದಿ ಸತ್ತವರು ಎಷ್ಟು ಜನ? ಕೆನಡಾದಲ್ಲಿ 2018ರಿಂದ ಕಾನೂನೇ ಒಪ್ಪಿದೆ. ಅವರೇನು ದಡ್ಡರಾ?

ಔಷಧಿಪೆಟ್ಟಿಗೆ

ಅರ್ಧ ಒಪ್ಪುತ್ತೇನೆ. ಉಸಿರಾಟ ನೋಡಿಕೊಳ್ಳುವ ಮಿದುಳಿನ ಕಾಂಡದಲ್ಲಿ ಸಿಬಿ1 ಗ್ರಾಹಕಗಳು ತೀರಾ ಕಡಿಮೆ. ಅದಕ್ಕೇ ಅಫೀಮಿನ ಜಾತಿಯ ಡ್ರಗ್ಸ್ ತರಹ ಉಸಿರು ನಿಂತು ಸಾಯುವುದು ಇದರಲ್ಲಿ ಕಾಣುವುದಿಲ್ಲ. ಔಷಧಿ ಗುಣವೂ ಇದೆ. ಇದೇ ಗಿಡದ ಇನ್ನೊಂದು ಕ್ಯಾನಬಿನಾಯ್ಡ್ ಸಿಬಿಡಿಯಿಂದ ಮಾಡಿದ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮಕ್ಕಳಲ್ಲಿ ಬರುವ ಎರಡು ಕಷ್ಟದ ಫಿಟ್ಸ್ ಕಾಯಿಲೆಗಳಿಗೆ. ಆದರೆ ಸಿಬಿಡಿ ಮತ್ತೇರಿಸುವುದಿಲ್ಲ. ಅದನ್ನು ತೋರಿಸಿ ಟಿಎಚ್‌ಸಿ ಸೇದುವುದು ಅಂದರೆ ಅಣ್ಣನ ಮಾರ್ಕ್ಸ್ ಕಾರ್ಡ್ ತೋರಿಸಿ ತಮ್ಮ ಕೆಲಸ ಕೇಳಿದ ಹಾಗೆ.

ಉಳಿದರ್ಧ. ಕೆನಡಾ ಒಪ್ಪಿದ್ದು ದೊಡ್ಡವರಿಗೆ. ಅಲ್ಲಿ ಪ್ರಾಂತ್ಯಕ್ಕೆ ತಕ್ಕ ಹಾಗೆ 18 ಅಥವಾ 19 ತುಂಬಿರಬೇಕು, ಕ್ವೆಬೆಕ್‌ನಲ್ಲಿ 21. ಕಾನೂನು ಒಪ್ಪಿದೆ ಅನ್ನುವುದಕ್ಕೂ ಓದುವ ವಯಸ್ಸಿಗೆ ಒಳ್ಳೆಯದು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಕುಡಿತಕ್ಕಿಂತ ವಾಸಿ ಅನ್ನುವ ವಾದವೂ ಹಾಗೇ. ಎರಡನೇ ಮಹಡಿಯಿಂದ ಬೀಳುವುದು ನಾಲ್ಕನೇ ಮಹಡಿಯಿಂದ ಬೀಳುವುದಕ್ಕಿಂತ ವಾಸಿ. ಮೆಟ್ಟಿಲು ಇದೆ ತಾನೇ?

ಮತ್ತೆ ಬೈಕ್. ಸೇದಿ ಬೈಕ್ ಓಡಿಸಿದರೆ ಅಪಘಾತದ ಸಂಭವ ಏರುತ್ತದೆ. ಕುಡಿದೂ ಸೇದಿಯೂ ಓಡಿಸಿದರೆ ಇನ್ನೂ ಜಾಸ್ತಿ. "ಸೇದಿ ಸತ್ತವರು ಇಲ್ಲ" ಅನ್ನುವ ಪಟ್ಟಿಯಲ್ಲಿ ಇವರನ್ನು ಯಾರೂ ಸೇರಿಸುವುದಿಲ್ಲ.

ನಿದ್ದೆಗೆಟ್ಟವ

ಚಟ ಹಿಡಿಯಲ್ಲ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ, ಅನುಭವದಿಂದ.

ನಾನು ನಿದ್ದೆಗಾಗಿ ಸೇದುತ್ತಿದ್ದೆ. ಹಾಗಂತ ನಂಬಿದ್ದೆ. ಒಂದು ದಿನ ಸೇದದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಬೆವರು, ಸಿಡಿಸಿಡಿ, ಊಟ ಸೇರುತ್ತಿರಲಿಲ್ಲ. ನೋಡಿ, ನನಗೆ ನಿದ್ದೆಯ ಕಾಯಿಲೆ ಇದೆ, ಇದು ನನ್ನ ಔಷಧಿ ಅಂದುಕೊಂಡೆ. ಕಾಯಿಲೆ ತಂದದ್ದೂ ಅದೇ ಅಂತ ಗೊತ್ತಾಗಿದ್ದು ಬಿಟ್ಟಮೇಲೆ.

ಬಿಳಿಕೋಟು

ಸರಿಯಾಗಿ ಹೇಳಿದಿರಿ. ಬಿಟ್ಟಾಗ ಬರುವ ಈ ತೊಂದರೆಗಳಿಗೆ 2013ರಿಂದ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಪ್ರತ್ಯೇಕ ಹೆಸರೇ ಇದೆ. ಒಂದೆರಡು ದಿನದಲ್ಲಿ ಶುರುವಾಗಿ, ಮೊದಲ ವಾರದಲ್ಲಿ ಜೋರಾಗಿ, ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಸ್ವಲ್ಪ ದಿನ ಬೇಕಾಗಬಹುದು.

ಎಲ್ಲರಿಗೂ ಚಟ ಹಿಡಿಯುವುದಿಲ್ಲ, ಅದು ನಿಜ. ಅಮೆರಿಕದ ಹಳೆಯ ಅಂದಾಜಿನ ಪ್ರಕಾರ ರುಚಿ ನೋಡಿದವರಲ್ಲಿ ಶೇ. 9ರಷ್ಟು ಜನರಿಗೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. ದಿನಾ ಸೇದುವವರಲ್ಲಿ ಇನ್ನೂ ಜಾಸ್ತಿ. ಬೆಳಗ್ಗೆ ಎದ್ದ ಕೂಡಲೇ ಸೇದುವುದು ಒಳ್ಳೆಯ ಲಕ್ಷಣ ಅಲ್ಲ.

ನಿದ್ದೆಗೆಟ್ಟವ

ಮತ್ತೆ ಕನಸು! ಸೇದುವಾಗ ಕನಸೇ ಬೀಳುತ್ತಿರಲಿಲ್ಲ. ಬಿಟ್ಟ ನಾಲ್ಕನೇ ದಿನದಿಂದ ಬಣ್ಣಬಣ್ಣದ, ಭಯಂಕರ ಕನಸುಗಳು. ಪ್ರತಿ ರಾತ್ರಿ ಡಬಲ್ ಶೋ.

ಸುಮ್ನೆಓದುವವಳು

ಇದು ನಿಜಾನಾ? ನಾನು ಏನೂ ಸೇದದೆ ಪ್ರತಿ ರಾತ್ರಿ ಪರೀಕ್ಷೆಗೆ ಲೇಟ್ ಆಗಿ ಓಡುವ ಕನಸು ಕಾಣುತ್ತೇನೆ.

ಪದಹುಚ್ಚ

ನನಗೆ ಕನಸಿನಲ್ಲಿ ಹಾಲ್ ಟಿಕೆಟ್ ಬೇರೆ ಕಳೆದುಹೋಗುತ್ತದೆ.

ಔಷಧಿಪೆಟ್ಟಿಗೆ

ಕನಸು ಬೀಳುವ ಹಂತದ ನಿದ್ದೆಯನ್ನು ಟಿಎಚ್‌ಸಿ ಒತ್ತಿ ಹಿಡಿಯುತ್ತದೆ. ಬಿಟ್ಟ ಕೂಡಲೇ ಅದು ಬಾಕಿ ವಸೂಲಿಗೆ ಬರುತ್ತದೆ. ಪರೀಕ್ಷೆಯ ಕನಸಿಗೆ ನನ್ನ ಹತ್ತಿರ ಔಷಧಿ ಇಲ್ಲ.

ಹೊಸಬ_2

ಬ್ರೋ, ಮುಂದಿನ ವಾರ ಮೆಡಿಕಲ್ ಟೆಸ್ಟ್ ಇದೆ. ಎಷ್ಟು ನೀರು ಕುಡಿದರೆ ಹೋಗುತ್ತದೆ?

ಹುಳಿಮಾತು

ಬಂದ ನೋಡಿ ಬುದ್ಧಿವಂತ.

ಔಷಧಿಪೆಟ್ಟಿಗೆ

ನೀರಿಗೆ ಹೋಗುವ ವಸ್ತು ಅಲ್ಲ ಅದು, ಕೊಬ್ಬಿನಲ್ಲಿ ಕರಗುವ ವಸ್ತು. ಮೈಯ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುತ್ತದೆ. ದಿನಾ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಕಾಣಿಸಬಹುದು. ಬಾಟಲಿಯಲ್ಲಿ ಮಾರುವ "ಡಿಟಾಕ್ಸ್" ಎಲ್ಲ ಬರೀ ದುಡ್ಡು ಕೀಳುವ ದಾರಿ. ಮುಂದಿನ ಪ್ರಶ್ನೆ.

ಹೊಸಬ_2

ಡಿಲೀಟ್ ಮಾಡುವುದು ಹೇಗೆ ಈ ಪೋಸ್ಟ್?

ಹಳೇಬ್ಯಾಚ್

ಒಂದು ವಿಷಯ ಯಾರೂ ಹೇಳಿಲ್ಲ. ನಮ್ಮ ಅಪ್ಪನ ಕಾಲದ ಗಾಂಜಾ ಬೇರೆ, ಈಗಿನದು ಬೇರೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲನ್ನು ಪರೀಕ್ಷಿಸಿದಾಗ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ. 4 ಇತ್ತಂತೆ, 2014ಕ್ಕೆ ಶೇ. 12. ಎಣ್ಣೆಯ ರೂಪದಲ್ಲಿ ವೇಪ್ ಮಾಡುವುದರಲ್ಲಿ (ಬಿಸಿ ಮಾಡಿ ಆವಿ ಎಳೆಯುವುದು) ಇನ್ನೂ ಹಲವು ಪಟ್ಟು. "ಹಿಂದಿನವರೂ ಸೇದುತ್ತಿದ್ದರು" ಅನ್ನುವವರಿಗೆ ಇದನ್ನು ಹೇಳಿ.

ಬಿಳಿಕೋಟು

ಹೌದು, ಮತ್ತೆ ಮೂರು ಮಾತು. ತಿನ್ನುವ ರೂಪದಲ್ಲಿ ಪರಿಣಾಮ ಶುರುವಾಗಲು ಅರ್ಧದಿಂದ ಎರಡು ಗಂಟೆ ಹಿಡಿಯುತ್ತದೆ. ಏನೂ ಆಗಲಿಲ್ಲ ಅಂತ ಇನ್ನೊಂದು ತಿಂದು ಆಸ್ಪತ್ರೆಗೆ ಬರುವವರೇ ಜಾಸ್ತಿ. ವೇಪ್ ಬಗ್ಗೆ: 2019ರಲ್ಲಿ ಅಮೆರಿಕದಲ್ಲಿ ಟಿಎಚ್‌ಸಿ ವೇಪ್‌ಗೆ ವಿಟಮಿನ್ ಇ ಅಸಿಟೇಟ್ ಬೆರೆಸಿ ಮಾರಿದರು. 2,800ಕ್ಕೂ ಹೆಚ್ಚು ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು, 68 ಜನ ಸತ್ತರು. ಕೊನೆಯದಾಗಿ, ಸ್ಪೈಸ್, ಕೆ2 ಅಂತ ಬರುವುದು ಗಾಂಜಾ ಅಲ್ಲವೇ ಅಲ್ಲ. ಯಾವುದೋ ಒಣ ಸೊಪ್ಪಿಗೆ ಲ್ಯಾಬ್ ಕೆಮಿಕಲ್ ಸಿಂಪಡಿಸಿದ್ದು. ಅದರಲ್ಲಿ ಫಿಟ್ಸ್ ಬಂದವರೂ ಇದ್ದಾರೆ, ಸತ್ತವರೂ ಇದ್ದಾರೆ.

ಬಿಸಿನೀರು

ನನ್ನದೂ ಒಂದು. ಎಂಟು ತಿಂಗಳು ವಾಂತಿ. ಎಲ್ಲ ಸ್ಕ್ಯಾನ್ ನಾರ್ಮಲ್. ಬಿಸಿನೀರಿನ ಕೆಳಗೆ ನಿಂತರೆ ಮಾತ್ರ ಆರಾಮ, ದಿನಕ್ಕೆ ಐದು ಸಲ ಸ್ನಾನ. ಕೊನೆಗೆ ಒಬ್ಬ ಜೂನಿಯರ್ ಡಾಕ್ಟರ್ ಮನೆಯವರನ್ನು ಹೊರಗೆ ಕಳಿಸಿ "ಸೇದುತ್ತೀಯಾ?" ಅಂತ ಕೇಳಿದ. ಮೊದಲು ಯಾರೂ ಕೇಳಿರಲಿಲ್ಲ.

ಬಿಳಿಕೋಟು

ವರ್ಷಗಟ್ಟಲೆ ದಿನಾ ಸೇದುವವರಲ್ಲಿ ಬರುವ ವಾಂತಿ ಕಾಯಿಲೆ ಅದು. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದರು. ಬಿಸಿನೀರಿನ ಸ್ನಾನವೇ ಅದರ ಗುರುತು. ಪೂರ್ತಿ ಬಿಟ್ಟರಷ್ಟೇ ವಾಸಿ.

ಕಡೇಬೆಂಚು

ಎಲ್ಲ ಸರಿ. ಆದರೆ ಹೇಳುವುದು ಹೇಗೆ? ಇಷ್ಟನ್ನೂ ಪ್ರಿಂಟ್ ತೆಗೆದು ಕೊಡಲಾ?

ಹುಳಿಮಾತು

ಕೊಡು. ಅದೇ ಪೇಪರಿನಲ್ಲಿ ಸುತ್ತಿ ಸೇದುತ್ತಾನೆ.

ಕೇಳಿಸಿಕೊಳ್ಳುವವಳು

ಕೌನ್ಸೆಲಿಂಗ್ ಮಾಡುತ್ತೇನೆ. ನಾಲ್ಕು ಮಾತು ಹೇಳುತ್ತೇನೆ, ಸರಿ ಅನ್ನಿಸಿದ್ದು ತಗೋ.

ಅವನು ಮತ್ತಿನಲ್ಲಿ ಇರುವಾಗ ಮಾತೆತ್ತಬೇಡ. ನಾಲ್ಕು ಗೆಳೆಯರನ್ನು ಸೇರಿಸಿ ಪಂಚಾಯಿತಿ ಮಾಡಬೇಡ. "ನೀನು ಗಾಂಜಾಕೋರ ಆಗಿದ್ದೀಯ" ಅಂದರೆ ಅವನು ವಕೀಲನಾಗುತ್ತಾನೆ, ವಾದದಲ್ಲಿ ನೀನು ಸೋಲುತ್ತೀಯ. ನೀನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು. ಮೊದಲ ವರ್ಷ ನನಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಈಗ ಕೇಳಿದರೆ ನಾಳೆ ಅನ್ನುತ್ತೀಯ. ಇದಕ್ಕೆ ಅವನ ಹತ್ತಿರ ರೆಡಿ ಉತ್ತರ ಇರುವುದಿಲ್ಲ.

ಆಮೇಲೆ ಸುಮ್ಮನೆ ಕೇಳು, ಯಾಕೆ ಬೆಳಗ್ಗೆ ಬೇಕಾಯಿತು ಅಂತ. ಎಷ್ಟೋ ಸಲ ಕೆಳಗೆ ಬೇರೆಯೇ ಇರುತ್ತದೆ, ಖಿನ್ನತೆ, ಮನೆಯ ಜಗಳ, ಕ್ಲಾಸಿನಲ್ಲಿ ಅವಮಾನ. ಬಿಡು ಅನ್ನುವುದು ಸುಲಭ. ಬಿಟ್ಟ ಜಾಗದಲ್ಲಿ ಏನು ಇಡುತ್ತೀಯ? ತಿಂಗಳು ನಿಲ್ಲಿಸುವ ಸವಾಲು ಒಳ್ಳೆಯದೇ. ಆದರೆ ಮೊದಲ ವಾರ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ ಅಂತ ಮೊದಲೇ ಹೇಳಿಡು. ಇಲ್ಲದಿದ್ದರೆ ಮೂರನೇ ದಿನ "ನೋಡಿದ್ಯಾ, ನನಗೆ ಇದು ಬೇಕೇ ಬೇಕು" ಅನ್ನುತ್ತಾನೆ.

ಮತ್ತೆ, ನೀನು ಅವನ ಗೆಳೆಯ, ಪೊಲೀಸ್ ಅಲ್ಲ. ಅವನ ಬದಲು ಅಸೈನ್‌ಮೆಂಟ್ ಬರೆದುಕೊಡುವುದು, ಹಾಜರಿ ಹಾಕಿಸುವುದು ಇದ್ದರೆ ಇವತ್ತೇ ನಿಲ್ಲಿಸು.

ಕಡೇಬೆಂಚು

ಕೊನೆಯ ಸಾಲು ನಿಮಗೆ ಹೇಗೆ ಗೊತ್ತಾಯಿತು ಮೇಡಂ 😐

ಕಡೇಬೆಂಚು (ಮೂರು ವಾರದ ನಂತರ)

ಅಪ್ಡೇಟ್ ಕೇಳಿದವರಿಗೆ.

ಮಾತಾಡಿದೆ. ಭಾನುವಾರ ಬೆಳಗ್ಗೆ, ಅವನು ಇನ್ನೂ ಸೇದಿರಲಿಲ್ಲ. ಲೆಕ್ಕದ ವಿಷಯ ಹೇಳಿದೆ. ಮೊದಲು ನಕ್ಕ. ಆಮೇಲೆ ಬೈದ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವನೇ ಬಂದು, ನಾನು ಯಾವಾಗ ಬೇಕಾದರೂ ಬಿಡಬಲ್ಲೆ, ತೋರಿಸುತ್ತೇನೆ ಅಂದ. ತೋರಿಸು ಅಂದೆ.

ಐದನೇ ದಿನಕ್ಕೆ ಮುರಿದ. ಮತ್ತೆ ಮೊದಲಿನಿಂದ ಬಿಡಲು ಶುರು ಮಾಡಿದ. ಇವತ್ತಿಗೆ ಎರಡನೇ ಸಲದ ಒಂಬತ್ತನೇ ದಿನ. ರಾತ್ರಿ ಎರಡಕ್ಕೆ ಎದ್ದು ಕೂತು ಫ್ಯಾನಿನ ಸದ್ದಿಗೆ ಬೈಯುತ್ತಾನೆ. ಕನಸು ಹೇಳಲು ನನ್ನನ್ನು ಎಬ್ಬಿಸುತ್ತಾನೆ. ನನ್ನ ನಿದ್ದೆಯೂ ಹೋಯಿತು. ಕಾಲೇಜಿನ ಕೌನ್ಸೆಲರ್ ಹತ್ತಿರ ಒಂದು ಸಲ ಹೋಗಿದ್ದಾನೆ, ಏನು ಮಾತಾಡಿದರು ಅಂತ ಹೇಳಿಲ್ಲ, ನಾನೂ ಕೇಳಿಲ್ಲ. ಬೇರೆ ವಿಷಯ ಏನೋ ಇದೆ ಅಂತ ಮಾತ್ರ ಗೊತ್ತಾಯಿತು.

ನಾನು ಅವನ ಅಸೈನ್‌ಮೆಂಟ್ ಬರೆಯುವುದು ನಿಲ್ಲಿಸಿದ್ದೇನೆ.

ಇಬ್ಬರುಮಕ್ಕಳತಾಯಿ

ಒಳ್ಳೆಯದಾಯಿತಪ್ಪ. ಎಬ್ಬಿಸಿದರೆ ಎದ್ದೇಳು.

ಮೂರನೇಸೆಮ್

ಎಷ್ಟನೇ ದಿನಕ್ಕೆ ನಿದ್ದೆ ಸರಿಹೋಗುತ್ತದಂತೆ? ಸುಮ್ನೆ ಕೇಳುತ್ತಿದ್ದೇನೆ.

ಹುಳಿಮಾತು

ಸುಮ್ನೆ ಅಂತೆ.

ನಿದ್ದೆಗೆಟ್ಟವ

ನನಗೆ ಹದಿನೇಳನೇ ದಿನ. ಮೆಸೇಜ್ ಮಾಡು ಮಗಾ, ಹೇಳುತ್ತೇನೆ.